ಮಂಚ ಒಂದು, ಹಾಸಿಗೆ ಎರಡು

ಹಾಸಿಗೆ ಬೇಕಾಗಿದ್ದದ್ದು ನನಗೆ. ಅಂಗಡಿಗೆ ಹೊರಟದ್ದು ಇಡೀ ಮನೆ.

ನಮ್ಮಲ್ಲಿ ಯಾವ ದೊಡ್ಡ ಸಾಮಾನು ಬರುವುದಿದ್ದರೂ ಹೀಗೆಯೇ. ಎಲ್ಲರೂ ಹೋಗಬೇಕು, ಎಲ್ಲರೂ ಮುಟ್ಟಿ ನೋಡಬೇಕು, ಎಲ್ಲರೂ ಹೂಂ ಅನ್ನಬೇಕು. ಒಬ್ಬರು ಮೂಗು ಮುರಿದರೂ ಸಾಮಾನು ಅಂಗಡಿಯಲ್ಲೇ ಉಳಿಯುತ್ತದೆ. ಹೀಗೆ ಬಂದ ನಮ್ಮ ಸೋಫಾದಲ್ಲಿ ಯಾರಿಗೂ ಸರಿಯಾಗಿ ಕೂರಲು ಆಗುವುದಿಲ್ಲ, ಆದರೆ ಎಲ್ಲರೂ ಒಪ್ಪಿ ತಂದದ್ದಾದ್ದರಿಂದ ಯಾರೂ ಬಾಯಿ ಬಿಡುವುದಿಲ್ಲ.

ನಾನು ಸಿಟಿ ಬಸ್ಸಿನ ಡ್ರೈವರ್. ನಮ್ಮ ಡಿಪೋದಲ್ಲಿ ಸ್ಟಿಯರಿಂಗ್ ಹಿಡಿದ ಮೊದಲ ಹೆಂಗಸು ನಾನೇ. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಬೆನ್ನು ನೋವು ಶುರುವಾದಾಗ ಮೊದಲು ಸೀಟನ್ನು ಬೈದೆ, ಆಮೇಲೆ ರಸ್ತೆಯ ಗುಂಡಿಗಳನ್ನು ಬೈದೆ. ಆದರೆ ಡ್ಯೂಟಿ ಮುಗಿಸಿ ಇಳಿಯುವ ಹೊತ್ತಿಗೆ ಬೆನ್ನು ಸಡಿಲವಾಗಿರುತ್ತಿತ್ತು. ಮರಗಟ್ಟಿರುತ್ತಿದ್ದದ್ದು ಬೆಳಿಗ್ಗೆ, ಮಲಗಿ ಎದ್ದಾಗ. ಒಂದು ಕೈ ಮಂಚಕ್ಕೆ, ಒಂದು ಕೈ ಗೋಡೆಗೆ ಊರಿ, ಉಸಿರು ಬಿಗಿಹಿಡಿದು ಏಳುತ್ತಿದ್ದೆ. ಅಷ್ಟರಲ್ಲಿ ನಮ್ಮತ್ತೆ ಎದ್ದು, ಸ್ನಾನ ಮುಗಿಸಿ, ಎರಡನೇ ಲೋಟ ಚಹಾ ಕುಡಿಯುತ್ತಿರುತ್ತಿದ್ದರು.

ಡಾಕ್ಟರಮ್ಮ ಎಕ್ಸ್‌ರೇ ನೋಡಿ, "ಮೂಳೆಗೇನೂ ಆಗಿಲ್ಲ. ವ್ಯಾಯಾಮ ಹೇಳಿಕೊಡ್ತೀನಿ, ತಪ್ಪಿಸಬೇಡಿ. ಅದಿರಲಿ, ಯಾವುದರ ಮೇಲೆ ಮಲಗ್ತೀರಿ?" ಅಂದರು.

ಹೇಳಿದೆ. ನನ್ನ ಗಂಡ ಬಡಗಿ. ಅವರ ಪ್ರಕಾರ ಲೋಕದ ಎಲ್ಲ ಬೆನ್ನುಗಳಿಗೂ ಔಷಧಿ ಒಂದೇ, ಹಲಗೆ. ನನ್ನ ನೋವು ಹೆಚ್ಚಿದ ಹಾಗೆಲ್ಲ ನಮ್ಮ ಹಾಸಿಗೆ ತೆಳುವಾಗುತ್ತಾ ಬಂದು, ಈಗ ಪ್ಲೈವುಡ್ಡಿನ ಮೇಲೆ ಕಂಬಳಿಗಿಂತ ಒಂಚೂರು ದಪ್ಪನೆಯದೇನೋ ಉಳಿದಿತ್ತು.

"ಪಕ್ಕಕ್ಕೆ ತಿರುಗಿ ಮಲಗೋರು ನೀವು," ಅಂದರು ಡಾಕ್ಟರಮ್ಮ. "ಭುಜ, ಸೊಂಟ ಒಂದಿಷ್ಟು ಒಳಗೆ ಇಳೀಬೇಕು. ನಡು ಜೋತು ಬೀಳಬಾರದು. ಕತ್ತಿನಿಂದ ಕೆಳಗಿನವರೆಗೆ ಬೆನ್ನು ಒಂದೇ ಗೆರೆಯಲ್ಲಿ ಇರಬೇಕು. ತೀರಾ ಗಟ್ಟಿನೂ ಬೇಡ, ತೀರಾ ಮೆತ್ತಗೂ ಬೇಡ. ಮಲಗಿ ನೋಡದೆ ಮಾತ್ರ ತರಬೇಡಿ."

ನಮ್ಮ ಡಿಪೋದ ಸಾಹೇಬರು ಒಳ್ಳೆಯವರು, ಅದೇ ತೊಂದರೆ. ಬೆನ್ನಿಗೆಂದು ನಾನು ರಜೆ ಹಾಕಿದಾಗಲೇ ಪಾಸು ಕೊಡುವ ಕೌಂಟರಿನಲ್ಲಿ ನನಗೆಂದು ಒಂದು ಜಾಗ ನೋಡಿಟ್ಟಿದ್ದರು. "ರಜೆ ಮುಗಿದ ಮೇಲೆ ಮೆಡಿಕಲ್ ಟೆಸ್ಟ್ ಇದೆಯಮ್ಮಾ. ಪಾಸಾದ್ರೆ ಬಸ್ಸು. ಇಲ್ಲಾಂದ್ರೆ ಫ್ಯಾನಿನ ಕೆಳಗೆ ಆರಾಮಾಗಿ ಕೂತ್ಕೊಳ್ಳಿ. ಯಾರೂ ಏನೂ ಅಂದ್ಕೊಳ್ಳಲ್ಲ," ಅಂದಿದ್ದರು. ಆ ಕೊನೆಯ ಮಾತು ಮುಳ್ಳಿನ ಹಾಗೆ ಒಳಗೆ ಕೂತಿತ್ತು. ನಾನು ಬಸ್ಸು ಹತ್ತಿದ ದಿನ ಇಡೀ ಡಿಪೋ ಏನೇನೋ ಅಂದುಕೊಂಡಿತ್ತು. ಇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲವಂತೆ.

ಅಂಗಡಿಯ ಮಹಡಿಯಲ್ಲಿ ಹಾಸಿಗೆಗಳನ್ನು ದಿಂಬಿನ ಸಮೇತ ಸಾಲಾಗಿ ಹಾಕಿದ್ದರು, ಆಸ್ಪತ್ರೆಯ ವಾರ್ಡಿನ ಹಾಗೆ. ಹಿರಿಯರೆಂದು ಅತ್ತೆ ಮೊದಲು ಮಲಗಿದರು. ಅಂಗಾತ ಮಲಗಿ, ಕೈ ಎದೆಯ ಮೇಲೆ ಜೋಡಿಸಿ, ಕಣ್ಣು ಮುಚ್ಚಿದರು.

"ಅಮ್ಮಾ, ಹಾಗೆ ಮಲಗಬೇಡ, ನೋಡೋಕಾಗಲ್ಲ," ಅಂದಳು ನಾದಿನಿ. ಎರಡು ಬೀದಿ ಆಚೆ ಅವಳ ಮನೆ. ನಮ್ಮ ಯಾವ ಖರೀದಿಯನ್ನೂ ತಪ್ಪಿಸುವವಳಲ್ಲ.

"ಇನ್ನೂ ಇದ್ದೀನಿ ಕಣೇ. ಇದು ಬೇಡ, ತೀರಾ ಮೆತ್ತಗಿದೆ. ಬಿದ್ದರೆ ಎತ್ತೋಕೆ ಇಬ್ಬರು ಬೇಕು."

ನಾದಿನಿ ಪ್ರತಿಯೊಂದರ ಮೇಲೂ ಕೂತು ಒಂದೊಂದು ಸಲ ಕುಪ್ಪಳಿಸಿದಳು. ನನ್ನ ಗಂಡ ಮಲಗುವ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು, ಬಾಗಿಲು ಕೊಳ್ಳಲು ಬಂದವರ ಹಾಗೆ. ಕೊನೆಗೆ ಬೆನ್ನುಮೂಳೆಯ ಚಿತ್ರ ಅಂಟಿಸಿದ್ದ ಒಂದು ಹಾಸಿಗೆಯ ಮೇಲೆ ಮೈಚಾಚಿ, "ಇದು ನೋಡಿ. ಒಳ್ಳೇ ಕಲ್ಲು! ಬೆನ್ನಿಗೆ ಅಂದ್ರೆ ಹೀಗಿರಬೇಕು," ಅಂದರು. ಅತ್ತೆ ಹೂಂ ಅಂದರು. ನಾದಿನಿ ಬಣ್ಣ ಚೆನ್ನಾಗಿದೆ ಅಂದಳು. ಅಂಗಡಿಯವನು ಪೆನ್ನು ತೆಗೆದ.

ಆಗ ನಾನು ಕಂಬದ ಪಕ್ಕ ನಿಂತಿದ್ದೆ. ಒಂದು ಕೈಯಲ್ಲಿ ಅತ್ತೆಯ ಚೀಲ, ಇನ್ನೊಂದರಲ್ಲಿ ನಾದಿನಿಯ ಚೀಲ, ಕಾಲ ಬಳಿ ಮೂವರ ಚಪ್ಪಲಿ. ಬೆನ್ನು ನೋವಿದ್ದವಳೊಬ್ಬಳನ್ನು ಬಿಟ್ಟು ಎಲ್ಲರೂ ಮಲಗಿ ಎದ್ದಾಗಿತ್ತು. ಯಾರದೂ ಕೆಟ್ಟ ಮನಸ್ಸಲ್ಲ. ಚೀಲಗಳನ್ನು ನಾನೇ ಕೇಳಿ ಇಸಿದುಕೊಂಡಿದ್ದೆ.

"ವಿಳಾಸ ಹೇಳಿ ಸರ್," ಅಂದ ಅಂಗಡಿಯವನು.

ಡಿಪೋದಲ್ಲಿ ಒಬ್ಬರು ಇಳಿದು ಇನ್ನೊಬ್ಬರು ಬಸ್ಸು ಹತ್ತಿದಾಗ ಮೊದಲು ಮಾಡುವ ಕೆಲಸ ಸೀಟು ಸರಿಮಾಡಿಕೊಳ್ಳುವುದು. ಹಿಂದೆ ಮುಂದೆ, ಮೇಲೆ ಕೆಳಗೆ, ಆಮೇಲೆ ಕನ್ನಡಿ. ಇಳಿದ ಡ್ರೈವರ್ ಎಷ್ಟೇ ಹಿರಿಯನಾಗಿರಲಿ, ಅವನ ಅಳತೆಯಲ್ಲಿ ಕೂತು ಯಾರೂ ಬಸ್ಸು ಹೊರಡಿಸುವುದಿಲ್ಲ. ಅದಕ್ಕೆ ಯಾರೂ ಮುನಿಸಿಕೊಳ್ಳುವುದೂ ಇಲ್ಲ. ಹಗಲೆಲ್ಲ ಹಾಗಿರುವ ನಾನು, ಮದುವೆಯಾದಾಗಿನಿಂದ ಮನೆಯಲ್ಲಿ ಇನ್ನೊಬ್ಬರ ಅಳತೆಯಲ್ಲಿ ಮಲಗಿದ್ದೆನಲ್ಲ ಅನ್ನಿಸಿ, ಅಲ್ಲಿ ನಿಂತಲ್ಲೇ ನಗು ಬಂತು.

ಚೀಲಗಳನ್ನು ಕೆಳಗಿಟ್ಟೆ.

"ತಡೀರಿ. ನಾನಿನ್ನೂ ಮಲಗಿಲ್ಲ."

"ಹೌದಲ್ಲ!" ಅಂದರು ಅತ್ತೆ, ನಿಜವಾಗಿಯೂ ಆಶ್ಚರ್ಯಪಟ್ಟು.

"ಎಷ್ಟು ಹೊತ್ತು ಮಲಗಬಹುದು?" ಅಂತ ಅಂಗಡಿಯವನನ್ನು ಕೇಳಿದೆ.

"ಎಷ್ಟು ಹೊತ್ತು ಬೇಕಾದ್ರೂ ಮೇಡಂ. ಆದ್ರೆ ಹಾಗೆ ಯಾರೂ ಮಲಗಲ್ಲ."

ಮನೆಯಲ್ಲಿ ಮಲಗುವ ಹಾಗೆಯೇ ಮಲಗಿದೆ: ಎಡಕ್ಕೆ ತಿರುಗಿ, ಮಂಡಿ ಮಡಚಿ, ಕೆನ್ನೆಯ ಕೆಳಗೆ ಕೈ ಇಟ್ಟು. ಕಲ್ಲಿನಂಥ ಹಾಸಿಗೆ ಭುಜವನ್ನು ತಳ್ಳಿತು. ಸೊಂಟದ ಮೂಳೆ ಒತ್ತಿತು.

"ಅತ್ತಿಗೆ, ಜನ ನೋಡ್ತಿದ್ದಾರೆ," ನಾದಿನಿ ಪಿಸುಗುಟ್ಟಿದಳು.

"ನೋಡಲಿ ಬಿಡು. ಬಸ್ಸು ಓಡಿಸುವಾಗಲೂ ನೋಡ್ತಾರೆ. ರೀ, ಇಲ್ಲಿ ಬನ್ನಿ. ಗೆರೆ ನೇರ ಇದೆಯಾ ನೋಡಿ."

"ಯಾವ ಗೆರೆ?"

"ನನ್ನ ಬೆನ್ನಿಂದು. ಹಲಗೆ ಹಿಡಿದು ನೋಡ್ತೀರಲ್ಲ, ಹಾಗೆ ನೋಡಿ."

ಅವರು ಆಚೆ ಈಚೆ ನೋಡಿದರು. ಕಿವಿ ಕೆಂಪಗಾಗಿತ್ತು. ಆದರೆ ಕೆಲಸವೆಂದ ಮೇಲೆ ಅವರಿಗೆ ನಾಚಿಕೆ ನಿಲ್ಲುವುದಿಲ್ಲ. ದಿಂಬಿನ ಹಿಂದೆ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ನನ್ನ ಕತ್ತಿನಿಂದ ಸೊಂಟದವರೆಗೆ ದೃಷ್ಟಿ ಹಾಯಿಸಿದರು. ಡೊಂಕನ್ನು ನೇರ ಅನ್ನುವುದು ಅವರ ಬಾಯಲ್ಲಿ ಬರುವುದೇ ಇಲ್ಲ, ಹೆಂಡತಿಯ ಮೇಲೆ ಗೆಲ್ಲುವುದಕ್ಕೂ.

"ಡೊಂಕಾಗಿದೆ," ಅಂದರು. "ಭುಜ ಎದ್ದು ನಿಂತಿದೆ. ನಡು ತಗ್ಗಿದೆ."

"ಇದೇ ಒಳ್ಳೇದು ಅಂದ್ರಲ್ಲ?"

"ಹಾಸಿಗೆ ಒಳ್ಳೇದೇ. ನೀನು ಹಲಗೆ ಅಲ್ಲವಲ್ಲ ಮಾರಾಯ್ತಿ."

ಅತ್ತೆ ಕಿಸಕ್ಕನೆ ನಕ್ಕರು. ಅಲ್ಲಿಂದಾಚೆ ಅವರಿಗೂ ಹುರುಪು ಬಂತು. ಅವರು ಬೇಡವೆಂದಿದ್ದ ಮೆತ್ತನೆಯದರ ಮೇಲೂ ಮಲಗಿ ನೋಡಿದೆ. "ತೊಟ್ಟಿಲು," ಅಂದರು ನನ್ನ ಗಂಡ. ಇನ್ನೊಂದಕ್ಕೆ ಹೋದೆ. "ಪರವಾಗಿಲ್ಲ, ಆದರೆ ಕೆಳಗಡೆ ಇಳಿದಿದೆ." ಮೂಲೆಯಲ್ಲಿ, ಬೀದಿ ಕಾಣುವ ಕಿಟಕಿಯ ಪಕ್ಕದಲ್ಲಿ, ಯಾವ ಮೂಳೆಯ ಚಿತ್ರವೂ ಇಲ್ಲದ ಒಂದು ಸಾದಾ ಹಾಸಿಗೆ ಇತ್ತು. ಅದರ ಮೇಲೆ ತಿರುಗಿ ಮಲಗಿದೆ. ಭುಜ ತನ್ನ ಜಾಗ ಹುಡುಕಿಕೊಂಡಿತು. ಸೊಂಟ ಕೂಡ. ಅತ್ತೆ ತಾವಾಗಿಯೇ ಬಂದು ನನ್ನ ನಡುವಿನ ಕೆಳಗೆ ಅಂಗೈ ತೂರಿಸಿದರು.

"ಖಾಲಿ ಇಲ್ಲ. ಹಾಗಂತ ಕೈ ಅಪ್ಪಚ್ಚಿ ಆಗೋದೂ ಇಲ್ಲ," ಅಂದರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಅವರ ಕೈ ನನ್ನ ಬೆನ್ನನ್ನು ಮುಟ್ಟಿದ್ದು ಅದೇ ಮೊದಲು. ನೋಡಿದ ಮೇಲೂ ಅವರು ಕೈಯನ್ನು ತಕ್ಷಣ ತೆಗೆಯಲಿಲ್ಲ.

"ನೇರ," ಅಂದರು ನನ್ನ ಗಂಡ.

"ಸರಿಯಾಗಿ ನೋಡಿ."

"ನೋಡಿದೆ ಕಣೇ. ನೂಲು ಹಿಡಿದ ಹಾಗಿದೆ."

ನಾನು ಏಳಲಿಲ್ಲ. ಕೆಳಗೆ ಬೀದಿಯಲ್ಲಿ ಯಾವುದೋ ಬಸ್ಸು ಗೇರು ಬದಲಿಸುವ ಸದ್ದು ಕೇಳಿತು. ಎರಡನೆಯದಕ್ಕೆ ಹಾಕಬೇಕಾದ ಕಡೆ ಮೂರನೆಯದಕ್ಕೆ ಹಾಕಿದ್ದ, ಪುಣ್ಯಾತ್ಮ. ಹಾಡುಹಗಲಲ್ಲಿ, ನಾಲ್ಕು ಜನರ ಮಧ್ಯೆ ಹೀಗೆ ಬಿದ್ದುಕೊಂಡಿದ್ದಕ್ಕೆ ನಾಚಿಕೆಯಾಗಬೇಕಿತ್ತು. ನನಗೆ ಆದದ್ದು ಹಿಗ್ಗು. ನನಗೇನು ಬೇಕೆಂದು ನನ್ನ ಮೈಗೆ ಗೊತ್ತಿತ್ತು, ಅದನ್ನು ಬಾಯಿಬಿಟ್ಟು ಕೇಳಿದ್ದೆ, ಇಡೀ ಮನೆ ಸುತ್ತ ನಿಂತು ಅದನ್ನು ಅಳೆದು ಕೊಟ್ಟಿತ್ತು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ನನ್ನ ಗಂಡ ಇನ್ನೊಂದು ಬದಿಗೆ ಬಂದು ಮಲಗಿದರು. ಅವರು ತೂಕದ ಆಳು. ಹಾಸಿಗೆ ಅವರ ಕಡೆ ಇಳಿಯಿತು, ನಾನು ಉರುಳಿ ಅವರ ಬೆನ್ನಿಗೆ ಡಿಕ್ಕಿ ಹೊಡೆದೆ. ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದಳು.

"ನನಗಿದು ಆಗಲ್ಲ," ಅಂದರು ಅವರು ಸಣ್ಣಗೆ.

"ಇಬ್ಬರಿಗೂ ಹೊಂದೋ ಹಾಗೆ, ಇವೆರಡರ ನಡುವಿನದು ಒಂದಿದೆ," ಅಂದ ಅಂಗಡಿಯವನು.

ಎಲ್ಲರ ಮುಖದಲ್ಲೂ ನೆಮ್ಮದಿ ಮೂಡಿತು. ಎಲ್ಲರೂ ಹೂಂ ಅನ್ನಬಹುದಾದ ಸಾಮಾನು ಸಿಕ್ಕಿತ್ತಲ್ಲ. ನನ್ನ ನಾಲಿಗೆಯ ತುದಿಗೂ ಆ ಹೂಂ ಬಂದಿತ್ತು, ಅಭ್ಯಾಸದ ಬಲ. ಅದನ್ನು ನುಂಗಿಕೊಂಡೆ.

"ಎರಡು ಹಾಸಿಗೆ ತಗೊಳ್ಳೋಣ," ಅಂದೆ. "ಅವರಿಗೆ ಆ ಕಲ್ಲು, ನನಗೆ ಇದು. ಸಿಂಗಲ್ಲು, ಪಕ್ಕಪಕ್ಕ."

"ಅಯ್ಯೋ ಅತ್ತಿಗೆ! ಗಂಡ ಹೆಂಡತಿಗೆ ಬೇರೆ ಬೇರೆ ಹಾಸಿಗೆನಾ? ನೋಡಿದವರು ಏನಂದ್ಕೋತಾರೆ?"

"ಅವರ ಮಲಗೋ ಕೋಣೆಗೆ ನೋಡೋಕೆ ಯಾರು ಬರ್ತಾರೆ? ನೀನೊಬ್ಬಳು," ಅಂದರು ಅತ್ತೆ.

ನನ್ನ ಗಂಡನ ಮುಖ ಸಪ್ಪಗಾಯಿತು. ನಮ್ಮ ಮಂಚ ಮದುವೆಗೆ ಮೊದಲು ಅವರೇ ಕೂತು ಮಾಡಿದ್ದು. ಅದರಲ್ಲಿ ಒಂದು ಮೊಳೆ ಇಲ್ಲ, ಎಲ್ಲ ಕೊರೆದು ಕೂಡಿಸಿದ್ದು. ಆದರೂ ನಾನು ಆ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಮಂಚ ಒಂದೇ ರೀ. ನೀವು ಮಾಡಿದ್ದೇ," ಅಂದೆ. "ನನಗೆ ಬಸ್ಸು ಓಡಿಸಬೇಕು."

ಅವರು ಎರಡೂ ಹಾಸಿಗೆಗಳ ಕಡೆ ನೋಡಿದರು. ಆಮೇಲೆ ಬಗ್ಗಿ, ಎರಡರ ದಪ್ಪವನ್ನೂ ಗೇಣು ಹಾಕಿ ಅಳೆದರು.

"ನಿಂದು ಎರಡು ಬೆರಳು ಎತ್ತರ ಇದೆ," ಅಂದರು. "ನನ್ನ ಕಡೆ ಕೆಳಗೆ ಮರದ ಪಟ್ಟಿ ಕೊಟ್ಟು ಎತ್ತರಿಸ್ತೀನಿ. ನಡುವೆ ಮೆಟ್ಟಿಲು ಇರಬಾರದು."

ಹಾಸಿಗೆ ಯಾವ ಮಾಯವನ್ನೂ ಮಾಡಲಿಲ್ಲ. ಡಾಕ್ಟರಮ್ಮ ಹೇಳಿದ ವ್ಯಾಯಾಮವನ್ನು ಹಲ್ಲು ಕಚ್ಚಿಕೊಂಡು ಮಾಡಿದೆ, ಅತ್ತೆ ಪಕ್ಕದಲ್ಲಿ ಕೂತು "ಇನ್ನೊಂದು, ಇನ್ನೊಂದು" ಅನ್ನುತ್ತಿದ್ದರು. ಮರಗಟ್ಟಿದ್ದು ಬೆಳಗಿನಿಂದ ಬೆಳಗಿಗೆ ಕರಗುತ್ತಾ ಬಂತು. ನನ್ನ ಗಂಡ ಗಿರಾಕಿಗಳ ಹತ್ತಿರ, "ನಮ್ಮವಳು ಡ್ರೈವರ್. ಅವಳ ಹಾಸಿಗೆ ಅವಳೇ ಆರಿಸಿದ್ದು, ನೂಲು ಹಿಡಿದವನು ನಾನು," ಅನ್ನುವುದನ್ನು ಒಳಗಿನಿಂದ ಕೇಳಿಸಿಕೊಂಡೆ.

ಮೆಡಿಕಲ್ ದಿನ ಬಗ್ಗು ಅಂದಲ್ಲಿ ಬಗ್ಗಿದೆ, ತಿರುಗು ಅಂದಲ್ಲಿ ತಿರುಗಿದೆ. ಸಾಹೇಬರು ಕೀ ಕೊಟ್ಟರು, ಹಳೆಯ ರೂಟೇ.

ಮೊದಲ ಸ್ಟಾಪಿನಲ್ಲಿ ದಿನಾ ಬರುವ ಹೂವಿನ ಅಂಗಡಿಯಾಕೆ ಹತ್ತಿದಳು. "ಎಲ್ಲಿ ಹೋಗಿದ್ರಮ್ಮಾ ಇಷ್ಟು ದಿನ? ನಿಮ್ಮ ಬದಲಿಗೆ ಬರ್ತಿದ್ದ ಆ ಮನುಷ್ಯ ಬ್ರೇಕ್ ಹಾಕಿದ್ರೆ ಹಲ್ಲು ಉದುರಬೇಕು!"

"ಬೆನ್ನು ರಿಪೇರಿಗೆ ಹೋಗಿತ್ತು," ಅಂದೆ.

"ಆಯ್ತಾ?"

"ಆಯ್ತು. ಕಂಬಿ ಹಿಡ್ಕೊಳ್ಳಿ, ಹೊರಡ್ತೀನಿ."