ಹತ್ತೊಂಬತ್ತನೆಯ ಮೆಟ್ಟಿಲು

ಎಂಟು ವರ್ಷಗಳಿಂದ ಈ ಮಹಾನಗರದ ಕಿಟಕಿ ಗಾಜುಗಳನ್ನು ಹೊರಗಿನಿಂದ ಒರೆಸುತ್ತಿದ್ದೇನೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೂವತ್ತನೇ ಮಹಡಿಯಲ್ಲಿ ನೇತಾಡುವಾಗ, ಒಳಗೆ ಕಾಫಿ ಹೀರುವ ಮಹಾನುಭಾವರು ನನ್ನನ್ನು ಗಾಜಿಗಂಟಿದ ಕಾಗೆಹಿಕ್ಕೆಯಂತೆ ನೋಡುತ್ತಾರೆ. ನೋಡಲಿ. ಇಲ್ಲಿ ನೋಡತಕ್ಕದ್ದೇನು, ತಿನ್ನತಕ್ಕದ್ದೇನು ಎಂಬುದು ನನಗೆ ಗೊತ್ತಿರುವಷ್ಟು, ಬಣ್ಣದ ಕೊಡೆ ಎತ್ತಿಕೊಂಡು ಸುಳ್ಳು ಒದರುವ ಗೈಡುಗಳಿಗೆ ಗೊತ್ತಿಲ್ಲ. ಆದ್ದರಿಂದ ಕಲ್ಲುಕುಟಿಗನಾದ ನನ್ನ ಸೋದರಮಾವ ಜೀವಮಾನದಲ್ಲಿ ಮೊದಲ ಸಲ ನಗರಕ್ಕೆ ಬರುತ್ತೇನೆ, ಒಂದೇ ದಿನ ಇರುತ್ತೇನೆ ಎಂದಾಗ ರಜೆ ಹಾಕಿ ಪಟ್ಟಿ ಬರೆದೆ: ಎತ್ತರದ ಗೋಪುರ, ಗಾಜಿನ ತೊಟ್ಟಿಯ ಮೀನುಗಳು, ನದಿಯಲ್ಲಿ ದೋಣಿ, ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾದ ಸೂಪಿನ ಅಂಗಡಿ.

ಗೋಪುರದ ತುದಿಯಲ್ಲಿ ಎಲ್ಲರೂ ನದಿಯನ್ನು ನೋಡುತ್ತಿದ್ದರೆ ಮಾವ ಗಾಜಿಗೆ ಮೂಗು ಒತ್ತಿ ಕೆಳಗಿನ ಬೀದಿಗಳಲ್ಲಿ ಏನನ್ನೋ ಹುಡುಕುತ್ತಿದ್ದ.

"ಅಳಿಯಾ, ಆ ದೊಡ್ಡ ಗ್ರಂಥಾಲಯ ಎಲ್ಲಿ ಬರುತ್ತೆ?"

"ಒಂದೂವರೆ ಗಂಟೆ ಸಾಲಲ್ಲಿ ನಿಂತಿದ್ದು ಗ್ರಂಥಾಲಯ ನೋಡೋಕಾ ಮಾವ?"

"ಪುಸ್ತಕ ಯಾರಿಗೆ ಬೇಕು! ನೀನು ಏಳನೇ ಕ್ಲಾಸಿಗೆ ಕೈಮುಗಿದೋನು, ನಾನು ಮೂರಕ್ಕೇ ಮುಗಿದೋನು. ನನಗೆ ಬೇಕಾಗಿರೋದು ಅದರ ಮುಂದಿನ ಮೆಟ್ಟಿಲು."

ಆಮೇಲೆ, ಅಕ್ಕಪಕ್ಕ ಯಾರಾದರೂ ಕೇಳಿಸಿಕೊಳ್ಳುತ್ತಾರೇನೋ ಎಂಬಂತೆ ದನಿ ತಗ್ಗಿಸಿ ಹೇಳಿದ. ಮೂವತ್ತೊಂದು ವರ್ಷದ ಹಿಂದೆ ಆ ಮೆಟ್ಟಿಲುಗಳ ಕಲ್ಲು ಹೋದದ್ದು ಅವನು ಕೆಲಸ ಮಾಡುತ್ತಿದ್ದ ಕಲ್ಲುಗಣಿಯಿಂದ. ಒಬ್ಬೊಬ್ಬ ಕಲ್ಲುಕುಟಿಗನಿಗೂ ಒಂದೊಂದು ಮರದ ಅಳತೆಕೋಲು. ಕೋಲಿನ ತುದಿಯಿಂದ ಮೊದಲ ಕಚ್ಚಿನವರೆಗೆ ಮೆಟ್ಟಿಲಿನ ಎತ್ತರ. ಚಹಾ ಕಾಯಿಸುವಾಗ ಕೈಗೆ ಬೇರೇನೂ ಸಿಗದೆ ಮಾವ ಆ ಕೋಲಿನಿಂದಲೇ ಒಲೆಯ ಕೆಂಡ ಕೆದಕಿದ್ದ. ತುದಿ ಅರ್ಧ ಬೆರಳಗಲದಷ್ಟು ಸುಟ್ಟುಹೋದದ್ದು ಅವನಿಗೆ ತಿಳಿದದ್ದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಆ ಕೋಲಿನಲ್ಲಿ ಅಳೆದ ಒಂದು ಕಲ್ಲು ಲಾರಿ ಹತ್ತಿಯಾಗಿತ್ತು. ಅದರ ಬೆನ್ನ ಮೇಲೆ ಬರೆದದ್ದು: ಹತ್ತೊಂಬತ್ತು, ಎಡ.

"ಮೇಸ್ತ್ರಿಗೆ ಹೇಳಲಿಲ್ವಾ?"

"ಬಾಯಿ ಬರಲಿಲ್ಲ ಕಣೋ. ನಿಮ್ಮತ್ತೆಗೂ ಹೇಳಿಲ್ಲ. ಯಾರಾದ್ರೂ ಮೆಟ್ಟಿಲಿಂದ ಬಿದ್ದು ಸೊಂಟ ಮುರ್ಕೊಂಡ್ರು ಅಂತ ಕಿವಿಗೆ ಬಿದ್ರೆ ಸಾಕು, ಅವತ್ತು ರಾತ್ರಿಯೆಲ್ಲ ಎದ್ದು ಕೂತಿರ್ತೀನಿ. ಅಲ್ಲಿ ಜನ ಬೀಳ್ತಿದಾರಾ ಇಲ್ವಾ, ಅದೊಂದು ನೋಡ್ಬೇಕು."

ನನ್ನ ಪಿತ್ತ ನೆತ್ತಿಗೇರಿತು. "ಅರ್ಧ ಬೆರಳು! ಈ ಊರಲ್ಲಿ ಇಡೀ ಸೇತುವೆ ಬೀಳಿಸಿ ಗೊರಕೆ ಹೊಡೆಯೋರಿದಾರೆ ಮಾವ."

"ಅವರಿಗೆ ನಿದ್ದೆ ಬರುತ್ತೆ, ಹೊಡೀತಾರೆ," ಎಂದ ಮಾವ.

ದೋಣಿ ತಪ್ಪಿತು, ಮೀನೂ ತಪ್ಪಿತು. ಗ್ರಂಥಾಲಯದ ಮುಂದೆ ಕಾಗದದ ಪೊಟ್ಟಣದಲ್ಲಿ ಕರಿದ ಆಲೂಗಡ್ಡೆ ಕೊಂಡು, ಇಪ್ಪತ್ತೈದನೇ ಮೆಟ್ಟಿಲಿನ ಎಡತುದಿಯಲ್ಲಿ ಕೂತು ಕೆಳಗೆ ನೋಡತೊಡಗಿದೆವು. ಕಾಲೇಜಿನ ಹುಡುಗಿಯರು ಹತ್ತಿದರು. ಕೋಲೂರಿಕೊಂಡು ಒಬ್ಬ ಅಜ್ಜಿ ಹತ್ತಿದರು. ತಲೆಗಿಂತ ಎತ್ತರಕ್ಕೆ ಪೆಟ್ಟಿಗೆ ಹೊತ್ತವನೊಬ್ಬ ಕಾಲಡಿ ಕಾಣದೆಯೇ ಹತ್ತಿದ. ಪ್ರತಿಯೊಬ್ಬರೂ ಹತ್ತೊಂಬತ್ತನ್ನು ತಲುಪಿದಾಗ ಮಾವ ಆಲೂಗಡ್ಡೆ ಅಗಿಯುವುದನ್ನು ನಿಲ್ಲಿಸುತ್ತಿದ್ದ. ಒಬ್ಬರೂ ಎಡವಲಿಲ್ಲ.

"ಯಾಕೋ ಯಾರೂ ಬೀಳ್ತಿಲ್ಲ?"

"ಬೇಜಾರಾಯ್ತಾ? ಹೋಗಿ ಒಬ್ಬರನ್ನ ತಳ್ಳಿ ಬರ್ಲಾ?"

ಮಾವ ಚಪ್ಪಲಿ ಬಿಟ್ಟ. ಕಣ್ಣು ಮುಚ್ಚಿ, ಬರಿಗಾಲಲ್ಲಿ ಹದಿನೈದರಿಂದ ಇಪ್ಪತ್ತಮೂರಕ್ಕೆ ಹತ್ತಿದ, ಇಳಿದ, ಮತ್ತೆ ಹತ್ತಿದ. "ಸಮ ಇದೆ," ಎಂದ. ಅವನ ಮುಖದಲ್ಲಿ ಸಮಾಧಾನವಿರಲಿಲ್ಲ, ಜಾದೂ ನೋಡಿದ ಕೂಸಿನ ಗುಮಾನಿಯಿತ್ತು. "ಹೇಗೆ ಸಮ ಇದೆ?" ಎನ್ನುತ್ತ ಹದಿನೆಂಟನೆಯ ಮೆಟ್ಟಿಲಿನ ಮೇಲೆ ಉದ್ದಕ್ಕೆ ಬೋರಲು ಮಲಗಿಯೇಬಿಟ್ಟ.

"ಏಳು ಮಾವ, ಮಾನ ಹೋಗ್ತಿದೆ."

"ನಿನ್ನ ಮಾನ ಹಗ್ಗದಲ್ಲಿ ನೇತಾಡ್ತಿರುತ್ತಲ್ಲ, ಹೋದ್ರೂ ಎಲ್ಲಿ ಹೋಗುತ್ತೆ? ಮಲಗು ಬಾ."

ಮಲಗಿದೆ. ಬೇರೆ ಕಲ್ಲುಗಳ ಸಂದಿ ನೂಲೆಳೆಯಷ್ಟಿತ್ತು. ಮಾವನ ಕಲ್ಲಿನ ಬುಡದಲ್ಲಿ ಅರ್ಧ ಬೆರಳಗಲದ ಪಟ್ಟಿ. ಮಾವ ಉಗುರಿನಿಂದ ಕೊಳೆ ಕೆರೆದಾಗ ಕಂಡಿತು: ತೆಳ್ಳನೆಯ ಕಲ್ಲಿನ ಚಕ್ಕೆಗಳು, ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ, ಒಂದಿಷ್ಟೂ ಅಲುಗದಂತೆ ಕೂತಿದ್ದವು.

"ಇದು ನಮ್ಮ ಗಣಿ ಕಲ್ಲಲ್ಲ. ಎಲ್ಲಿಂದಲೋ ತಂದು, ಒಂದೊಂದನ್ನೂ ತೇಯ್ದು ಕೂರಿಸಿದಾನೆ. ಇಡೀ ದಿನದ ಕೆಲಸ."

"ಯಾರು?"

"ಇಲ್ಲಿ ಕಲ್ಲು ಕೂರಿಸಿದೋನು. ನನ್ನ ಏಳು ತಲೆಮಾರಿಗೂ ಬೈದಿರ್ತಾನೆ. ಆದ್ರೆ ಮೇಸ್ತ್ರಿಗೆ ಮಾತ್ರ ಹೇಳಿಲ್ಲ ನೋಡು. ಹೇಳಿದ್ರೆ ಕಲ್ಲು ವಾಪಸ್ ಬರ್ತಿತ್ತು."

ನೋಡತಕ್ಕ ಜಾಗಗಳನ್ನೇ ಅರಸಿಕೊಂಡು ಬಂದ ಜನರಿರುವ ಊರಲ್ಲಿ ಇಬ್ಬರು ಬೋರಲು ಮಲಗಿ ಏನನ್ನೋ ನೋಡುತ್ತಿದ್ದರೆ ಕೇಳಬೇಕೆ? ಮೊದಲು ಕ್ಯಾಮೆರಾದ ಹೆಂಗಸೊಬ್ಬಳು ಬಗ್ಗಿದಳು. ಅವಳ ಹಿಂದೆ ನಾಲ್ವರು. ಹಳದಿ ಕೊಡೆಯ ಗೈಡೊಬ್ಬ ತನ್ನ ಇಪ್ಪತ್ತು ಮಂದಿಯನ್ನೂ ಅಲ್ಲೇ ನಿಲ್ಲಿಸಿ, "ಇದು ಬಹಳ ಪ್ರಾಚೀನವಾದ ರಹಸ್ಯ ಸಂಕೇತ," ಎಂದು ಶುರುಮಾಡಿದ.

"ಲೇ, ಕಟ್ಟಿ ಮೂವತ್ತೊಂದು ವರ್ಷ ಆಗಿದೆ, ಪ್ರಾಚೀನವಂತೆ! ನಿನ್ನ ಕೊಡೆ ಮುರಿದು ಕೈಗೆ ಕೊಡ್ತೀನಿ," ಎಂದು ನಾನು ಮೇಲೆದ್ದೆ.

ಗಲಾಟೆಗೆ ಕಾವಲುಗಾರ ಓಡಿ ಬಂದ. "ಏನ್ರೀ ನಡೀತಿದೆ? ಏನಿದೆ ಅಲ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಮಾವ ಎದ್ದು ಮೊಣಕಾಲಿನ ದೂಳು ಕೊಡವಿಕೊಂಡ. "ನನ್ನ ತಪ್ಪಿದೆ ಸ್ವಾಮಿ," ಎಂದ, ಎಲ್ಲರಿಗೂ ಕೇಳುವಂತೆ. "ಈ ಕಲ್ಲು ಕೆತ್ತಿದೋನು ನಾನು. ಅರ್ಧ ಬೆರಳು ಗಿಡ್ಡ ಕೆತ್ತಿದ್ದೆ. ಅಳತೆಕೋಲನ್ನೇ ಒಲೆಗೆ ಹಾಕಿ ಕೆದಕಿದ ಮುಠ್ಠಾಳ. ಯಾರೋ ಪುಣ್ಯಾತ್ಮ ಸರಿಮಾಡಿದಾನೆ."

ಗೈಡು ಕೊಡೆ ಇಳಿಸಿದ. ಕಾವಲುಗಾರ ಮಾವನನ್ನು ಮೇಲಿಂದ ಕೆಳಗೆ ನೋಡಿ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಬಗ್ಗಿದ. ಮಾವ ಅವನ ಬೆರಳು ಹಿಡಿದು ಚಕ್ಕೆಗಳ ಮೇಲೆ ಸವರಿಸಿದ.

"ನೀವು ಎಷ್ಟು ವರ್ಷದಿಂದ ಇಲ್ಲಿದೀರಿ?"

"ಹದಿನಾಲ್ಕು."

"ಇಲ್ಲಿ ಯಾರಾದ್ರೂ ಬಿದ್ದಿದಾರಾ?" ಮಾವ ಅವನ ಬೆರಳು ಬಿಡದೆಯೇ ಕೇಳಿದ.

"ಬೀಳದೆ ಇರ್ತಾರಾ? ಮಳೆಗೆ ಬೀಳ್ತಾರೆ. ಫೋನ್ ನೋಡ್ತಾ ಬೀಳ್ತಾರೆ. ಮೇಲೆ ಆ ಬಾಗಿಲ ಹತ್ತಿರ ಬೀಳ್ತಾರೆ, ಕೆಳಗೆ ಮೊದಲನೇದರಲ್ಲೇ ಬೀಳ್ತಾರೆ."

"ಇದರಲ್ಲಿ?"

ಕಾವಲುಗಾರ ಟೋಪಿ ಹಾಕಿಕೊಂಡು ಯೋಚಿಸಿದ. "ಇದರಲ್ಲಿ ಜನ ನೆಲಕ್ಕೆ ಬಿದ್ದಿರೋದು ನಾನು ನೋಡಿದ್ದು ಇವತ್ತೇ ಮೊದಲು. ನೀವಿಬ್ಬರೇ."

ಮಾವ ನಕ್ಕ. ಕೆಮ್ಮು ಬರುವವರೆಗೆ ನಕ್ಕ. ಆಮೇಲೆ ತಾನು ಕೆತ್ತಿದ ಕಲ್ಲಿನ ಮೇಲೆ ಪೂರ್ತಿ ಭಾರ ಬಿಟ್ಟು ಕೂತು, ಸಂದಿಗೆ ಮೂಗು ತೂರಿಸುತ್ತಿದ್ದ ಕ್ಯಾಮೆರಾದ ಹೆಂಗಸಿಗೆ, "ಹಾಗಲ್ಲಮ್ಮ, ಎಡಗಡೆಯಿಂದ ನೋಡು, ಚೆನ್ನಾಗಿ ಕಾಣುತ್ತೆ," ಎಂದ.