ಗುಂಡಿಯ ಕುಬಸ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಆಳಂದದ ನಮ್ಮ ಓಣಿಗೆಲ್ಲ ಗೊತ್ತು. ನಾನು ಹೊಲಿದ ಕುಬಸದ ತೋಳು ಬಿಗಿಯಾಯಿತೆಂದು ಮೂರನೇ ಸಲ ವಾಪಸು ತಂದವರಿಗೆ ಇನ್ನೂ ಚೆನ್ನಾಗಿ ಗೊತ್ತು. ಆದರೆ ಆ ಸಿಟ್ಟೆಲ್ಲ ಒಂದು ಕಪ್ ಚಹಾದಲ್ಲಿ ಇಳಿಯುವಂಥದ್ದು. ಈ ಸಲದ್ದು ಹಾಗಲ್ಲ. ಇನ್ನೂ ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಗುಂಡಿ ನನ್ನ ಇಲಿ. ಬಿಳಿ ಮೈ, ಕೆಂಪು ಕಣ್ಣು. ಒಂದೂವರೆ ವರ್ಷದ ಹಿಂದೆ ಕಲಬುರಗಿಯ ಒಂದು ಕಾಲೇಜಿಗೆ ಮೂವತ್ತು ಬಿಳಿ ಕೋಟು ಹೊಲಿದು ಕೊಡಲು ಹೋಗಿದ್ದೆ. ಪ್ರಯೋಗ ಮುಗಿದು ಉಳಿದ ಒಂದು ಮರಿಯನ್ನು ಏನು ಮಾಡುವುದೆಂದು ಲ್ಯಾಬಿನ ರೆಹಾನ ತಲೆ ಕೆರೆದುಕೊಳ್ಳುತ್ತಿದ್ದ. "ಒಯ್ತೀರೇನ್ರಿ ಅಕ್ಕಾ?" ಎಂದು ಚೇಷ್ಟೆಗೆ ಕೇಳಿದ. ನಾನು ಖಾಲಿ ಚೀಲದ ಬಾಯಿ ಅಗಲಿಸಿ ಹಿಡಿದೆ.

ಹೊಲಿಗೆಯವರ ಮನೆಯಲ್ಲಿ ಇಲಿ ಸಾಕುವುದೆಂದರೆ ಜನ ನಗದೆ ಇರುತ್ತಾರೆಯೇ? ನಕ್ಕರು. ಆದರೆ ಗಿರಾಕಿಗಳ ಒಂದು ಎಳೆ ದಾರಕ್ಕೂ ಅವಳು ಹಲ್ಲು ಹಾಕಲಿಲ್ಲ. ಅವಳಿಗೆ ಬೇಕಾದದ್ದು ಅಂಗಿಯ ಗುಂಡಿ. ಮಷಿನ್ ಮೇಲಿಂದ ಒಂದೊಂದೇ ಕಚ್ಚಿಕೊಂಡು ಹೋಗಿ ಚಿಂದಿಯ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದಳು. ಹೆಸರು ಅಲ್ಲಿಂದಲೇ ಬಂತು. ನಾನು ಪೆಡಲ್ ತುಳಿಯುವಾಗ ನನ್ನ ಹೆಗಲ ಮೇಲೆ ಕೂತು ಕಿವಿಯ ಹತ್ತಿರ ಹಲ್ಲು ಮಸೆಯುತ್ತಿದ್ದಳು. ಖುಷಿಯಾದಾಗ ಇಲಿಗಳು ಹಾಗೆ ಮಾಡುತ್ತವೆ.

ಶ್ರಾವಣದ ಶುರುವಿನಲ್ಲಿ ಅವಳ ಬಗಲಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಮೊದಲು ತೊಗರಿ ಕಾಳಿನಷ್ಟಿತ್ತು. ಮೂರೇ ವಾರದಲ್ಲಿ ನಿಂಬೆಹಣ್ಣಿನಷ್ಟಾಯಿತು. ಅವಳು ಒಂದು ಕಡೆ ವಾಲಿಕೊಂಡು ನಡೆಯತೊಡಗಿದಳು, ಹೆಗಲು ಹತ್ತುವುದನ್ನು ಬಿಟ್ಟಳು. ಗಂಟು ತೆಗೆಸಲೇಬೇಕು ಎಂದೆ.

"ಇಲಿಗ್ಯಾನ ಆಪರೇಷನ್ ಬೇ?" ಎಂದ ನನ್ನ ಗಂಡ ಗುರುಲಿಂಗ. "ಜನ ಕೇಳಿದ್ರ ನಗ್ತಾರ."

"ನಗಲಿ. ನಿಮ್ಮ ಮೀಸಿ ನೋಡಿದ್ರೂ ನಗ್ತಾರ, ಬೋಳಿಸೀರೇನು?" ಎಂದೆ.

ಮಾದನಹಿಪ್ಪರಗಾದ ದನದ ದವಾಖಾನೆಯಲ್ಲಿ ಸಂಘಮಿತ್ರಾ ಎಂಬ ಡಾಕ್ಟರು ಇದ್ದಾರೆ, ವಯಸ್ಸು ಮೂವತ್ತೂ ಇಲ್ಲ. ಫೋನ್ ಮಾಡಿದೆ. ಅವರು ನಗಲಿಲ್ಲ. ನಿದ್ದೆಯ ಇಂಜೆಕ್ಷನ್ ಒಂದು ಹನಿ ಹೆಚ್ಚಾದರೂ ಜೀವ ಹೋಗುತ್ತದೆ, ಸರಿಯಾದ ತೂಕ ಬೇಕು ಎಂದರು. ಓಣಿಯ ಮೂಲೆಯಲ್ಲಿ ಅಜೀಮನ ಕಿರಾಣಿ ಅಂಗಡಿ. ಸಕ್ಕರೆ ತೂಗುವ ಅವನ ಕಾಂಟಾದ ಮೇಲೆ, ಇಲಿ ಪಾಷಾಣದ ಡಬ್ಬಿಗಳ ಕೆಳಗೇ, ಗುಂಡಿಯನ್ನು ಕೂರಿಸಿದೆ. ಮುನ್ನೂರ ಹನ್ನೆರಡು ಗ್ರಾಂ. ಅಜೀಮ ಪಾಷಾಣದ ಡಬ್ಬಿಗಳತ್ತ ಒಮ್ಮೆ ನೋಡಿ, ಚೀಟಿಯ ಮೇಲೆ ತೂಕ ಬರೆದು ಕೊಟ್ಟ.

ಬಸ್ಸಿನಲ್ಲಿ ಕಂಡಕ್ಟರ್ ನನ್ನ ತೊಡೆಯ ಮೇಲಿದ್ದ, ತೂತು ಕೊರೆದ ಟಿಫಿನ್ ಡಬ್ಬಿ ನೋಡಿದ. ಒಳಗಿಂದ ಮೀಸೆ ಹೊರಬಂದಿತ್ತು.

"ಗಂಡೇನ್ರಿ, ಹೆಣ್ಣೇನ್ರಿ?"

"ಹೆಣ್ಣು."

"ಹಂಗಾದ್ರ ಫ್ರೀ ಬಿಡ್ರಿ," ಎಂದು ಮುಂದಕ್ಕೆ ಹೋದ. ಆ ದಿನ ನಾನು ನಕ್ಕಿದ್ದು ಅದೊಂದೇ ಸಲ.

"ಇಲಿಗೆ ನಾನೂ ಇದೇ ಮೊದಲ ಸಲ ಮಾಡಾಕತ್ತೇನಿ," ಎಂದರು ಡಾಕ್ಟರು ಕೈ ತೊಳೆಯುತ್ತ. "ಓದೇನಿ, ಮಾಡಿಲ್ಲ. ನಿಮಗ ಸುಳ್ಳು ಹೇಳಂಗಿಲ್ಲ." ಸುಳ್ಳು ಹೇಳದ ಆ ಮಾತಿಗೇ ನಾನು ಧೈರ್ಯ ತಂದುಕೊಂಡೆ. ಮುಕ್ಕಾಲು ಗಂಟೆ ಹಿಡಿಯಿತು. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಗುಂಡಿಯನ್ನು ಅದಕ್ಕೆ ಆನಿಸಿ ಮಲಗಿಸಿದರು. ಕಣ್ಣು ಬಿಟ್ಟಾಗ ಮೊದಲು ನನ್ನ ಹೆಬ್ಬೆರಳು ನೆಕ್ಕಿದಳು. ಬಗಲಲ್ಲಿ ಐದು ಹೊಲಿಗೆ.

"ಹತ್ತು ದಿನ ಹೊಲಿಗಿಗೆ ಬಾಯಿ ತಾಗಬಾರದು. ಕಡಕೊಂಡ್ರ ಗಾಯ ಬಾಯಿ ಬಿಡ್ತದ. ಎರಡನೇ ಸಲ ಇಂಜೆಕ್ಷನ್ ಕೊಟ್ರ ತಡಕೋತಾಳೋ ಇಲ್ಲೋ ಹೇಳಾಕಾಗಲ್ಲ."

ಡಾಕ್ಟರು ಕೊರಳಿಗೆ ಹಾಕಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಅವಳು ಮನೆ ಮುಟ್ಟುವುದರೊಳಗೆ ಕಿತ್ತೆಸೆದಿದ್ದಳು. ಟೇಪು ಹಿಡಿದು ಎದೆ, ಬಗಲು, ಬೆನ್ನು ಅಳೆದೆ. ಹಳೆಯ ಬನಿಯನ್ನಿನಲ್ಲಿ ಕುಬಸ ಕತ್ತರಿಸಿ, ಹಲ್ಲಿಗೆ ಸಿಗದಂತೆ ಬೆನ್ನಿನ ಮೇಲೆ ಲಾಡಿ ಕಟ್ಟಿದೆ. ಇಪ್ಪತ್ತು ವರ್ಷದಲ್ಲಿ ನಾನು ಹೊಲಿದ ಅತಿ ಚಿಕ್ಕ ಕುಬಸ ಅದು. ಅಳತೆ ಸರಿಯಿಲ್ಲ ಎಂದು ವಾಪಸು ಬರದ ಕುಬಸವೂ ಅದೊಂದೇ.

ಐದು ದಿನ ಚೆನ್ನಾಗಿಯೇ ಹೋಯಿತು. ಬೆಲ್ಲದ ನೀರಿನಲ್ಲಿ ಔಷಧಿ ಕಲೆಸಿ ಬೆರಳ ತುದಿಯಲ್ಲಿ ನೆಕ್ಕಿಸುತ್ತಿದ್ದೆ. ಗಾಯ ಒಣಗುತ್ತಿತ್ತು. ಆರನೇ ದಿನ ಇಲಿವಾರ ಬಂತು.

ಗಣಪತಿ ಕೂರಿಸಿದ ಮರುದಿನ ನಮ್ಮ ಹೊಲಿಗೆಯವರ ಮನೆಯಲ್ಲಿ ಇಲಿವಾರ. ಅವತ್ತು ಬಟ್ಟೆಗೆ ಕತ್ತರಿ ಹಾಕಿದರೆ ವರ್ಷವಿಡೀ ಇಲಿಗಳು ನಮ್ಮ ಬಟ್ಟೆ ಕತ್ತರಿಸುತ್ತವೆ ಎಂದು ನಂಬಿಕೆ. ನನ್ನ ಅತ್ತೆ ಗುರುಶಾಂತಮ್ಮ ಮಷಿನ್‌ಗೆ ಬಟ್ಟೆ ಮುಚ್ಚಿ, ಕತ್ತರಿಗೆ ಅರಿಶಿನದ ದಾರ ಸುತ್ತಿ, ಮಣ್ಣಿನ ಇಲಿಯ ಮುಂದೆ ಇಟ್ಟು ಪೂಜೆ ಮಾಡುತ್ತಾರೆ. ಮಣ್ಣಿನ ಇಲಿ ಕೂರುವುದು ಮಡಿಯ ಬಿಳಿ ಮಲ್ ಬಟ್ಟೆಯ ಮೇಲೆ. ನನಗೂ ಆ ದಿನ ಇಷ್ಟವೇ. ವರ್ಷಕ್ಕೊಮ್ಮೆ ಸೊಂಟಕ್ಕೆ ರಜೆ ಸಿಗುತ್ತಿತ್ತು.

ಬೆಳಿಗ್ಗೆ ನೋಡಿದರೆ ಔಷಧಿ ಮುಗಿದಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿ ಹಬ್ಬಕ್ಕೆಂದು ಮುಚ್ಚಿತ್ತು. ಊರೆಲ್ಲ ತಿರುಗಿ ಔಷಧಿ ತರುವಷ್ಟರಲ್ಲಿ ಒಂದು ತಾಸು ಮೀರಿತು.

ಬಂದರೆ ಗುಂಡಿಯ ಡಬ್ಬಿ ಖಾಲಿ. ದೇವರ ಕೋಣೆಗೆ ಓಡಿದೆ. ಒಂದೂವರೆ ವರ್ಷದಲ್ಲಿ ಒಂದು ಸಲವೂ ಅವಳನ್ನು ಮುಟ್ಟದ ಅತ್ತೆ, ಅವಳನ್ನು ಹಿತ್ತಾಳೆಯ ಅಗಲ ತಟ್ಟೆ, ಪರಾತದಲ್ಲಿ ಕೂರಿಸಿ, ಮೇಲೆ ಜರಡಿ ಮುಚ್ಚಿ, ಎದುರಿಗೆ ಕೈ ಮುಗಿದು ಕೂತಿದ್ದರು. ಗುಂಡಿಯ ತಲೆಯ ಮೇಲೆ ಅರಿಶಿನ, ಕುಂಕುಮ, ಎರಡು ದಾಸವಾಳದ ಎಸಳು. ಪಕ್ಕದಲ್ಲಿ ಎಣ್ಣೆ ದೀಪ. ನಾನು ಹೊಲಿದ ಕುಬಸ ಬಿಚ್ಚಿ ಮಡಚಿ ಇಟ್ಟಿತ್ತು. ಅದರ ಮೇಲೆ ದೀಪದ ಎಣ್ಣೆ ಸುರಿದಿತ್ತು.

"ಇವತ್ತ ಅದರ ದಿನ ಬೇ ಮಧು," ಎಂದರು ಅತ್ತೆ ಸಂತೋಷದಿಂದ. "ಇವತ್ತ ಅದರ ಮೈಮ್ಯಾಗ ಹೊಲಿದದ್ದು ಇರಬಾರದು. ಅದಕ್ಕ ಬಿಚ್ಚೀನಿ. ಎಷ್ಟ ಶಾಂತ ಕೂತದ ನೋಡು."

ಜರಡಿ ಎತ್ತಿದೆ. ಅವಳು ಶಾಂತವಾಗಿರಲಿಲ್ಲ, ಸೋತಿದ್ದಳು. ಮೂರು ಹೊಲಿಗೆ ಹೋಗಿದ್ದವು. ಬಗಲು ಬಾಯಿ ತೆರೆದಿತ್ತು. ಪರಾತದ ತುಂಬ ಕೆಂಪು.

"ರಕ್ತ ಕಾಣ್ಲಿಲ್ಲೇನ್ರಿ ನಿಮಗ?"

"ಕುಂಕುಮ ಅದು..." ಎಂದು ಬಗ್ಗಿ ನೋಡಿದ ಅತ್ತೆಯ ಮುಖ ಬಿಳುಚಿಕೊಂಡಿತು.

ನಾನು ಏನೇನು ಅಂದೆನೋ ಎಲ್ಲವನ್ನೂ ಇಲ್ಲಿ ಬರೆಯಲಾರೆ. ಓಣಿಯವರು ಕೇಳಿದ್ದಾರೆ, ಬೇಕಾದವರು ಅವರನ್ನೇ ಕೇಳಲಿ. ಒಂದು ಕೈಯಿಂದ ಗಾಯ ಒತ್ತಿ ಹಿಡಿದು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಖಜೂರಿ ಹಳ್ಳಿಯಲ್ಲಿ ಎಮ್ಮೆಯ ಹೆರಿಗೆಯಲ್ಲಿದ್ದರು.

"ಒಂದು ತಾಸಿನ್ಯಾಗ ಬರ್ತೇನಿ. ಅಲ್ಲೀತನಕ ಹೊಸಾ ಬಟ್ಟಿ ಬಿಗಿಯಾಗಿ ಕಟ್ರಿ. ಉಳಿದ ಎರಡೂ ಕಡಕೊಂಡ್ರ ನಾ ಬಂದೂ ಉಪಯೋಗಿಲ್ಲ."

ಶುದ್ಧ ಬಟ್ಟೆ, ಕತ್ತರಿ, ಮಷಿನ್. ಬೇಕಾದದ್ದು ಮೂರೇ, ಮೂರಕ್ಕೂ ಅವತ್ತು ಕೈ ಹಚ್ಚುವಂತಿಲ್ಲ. ಬಟ್ಟೆಗಳೆಲ್ಲ ಟ್ರಂಕಿನಲ್ಲಿ, ಟ್ರಂಕಿಗೆ ಬೀಗ, ಕೀಲಿ ಅತ್ತೆಯ ಸೊಂಟದಲ್ಲಿ. ಗುಂಡಿಯನ್ನು ಗಂಡನ ಕೈಗೆ ಕೊಟ್ಟು ಕತ್ತರಿಗೆ ಕೈ ಹಾಕಿದೆ. ಅತ್ತೆ ಅಡ್ಡ ನಿಂತರು.

"ಕತ್ರಿ ಮುಟ್ಟಬ್ಯಾಡ ಬೇ! ನಿನ್ನ ಕಾಲಿಗೆ ಬೀಳ್ತೇನಿ. ಮನಿತನ ನಾಶ ಆಗ್ತದ."

"ಇಲಿ ಸಾಯಾಕತ್ತದ, ಇಲಿ ಸಿಟ್ಟಾಗ್ತದಂತ ಕತ್ರಿ ಕೊಡವಲ್ರಿ. ಯಾವ ಇಲಿರೀ ಸಿಟ್ಟಾಗೂದು?"

"ಒಂದ ತಾಸು ಕೈಲೇ ಹಿಡ್ಕೊಂಡು ಕೂಡೋಣು," ಎಂದ ಗುರುಲಿಂಗ. ಅಷ್ಟರಲ್ಲಿ ಗುಂಡಿ ಅವನ ಬೆರಳು ಕಚ್ಚಿ, ಕತ್ತು ತಿರುಗಿಸಿ ಗಾಯಕ್ಕೆ ಬಾಯಿ ಹಾಕಿದಳು. ಅವನ ಸಲಹೆ ಅಲ್ಲಿಗೆ ಮುಗಿಯಿತು.

ಮಣ್ಣಿನ ಇಲಿಯ ಕೆಳಗಿನ ಮಲ್ ಬಟ್ಟೆಯನ್ನು ನಾನು ಒಂದೇ ಸಲಕ್ಕೆ ಎಳೆದೆ. ಇಲಿ ಉರುಳಿ ನೆಲಕ್ಕೆ ಬಿತ್ತು, ಕಿವಿ ಮುರಿಯಿತು. ಅತ್ತೆ ಚೀರಿದರು. ಅರಿಶಿನದ ದಾರವನ್ನು ಹಲ್ಲಿನಿಂದ ಕಡಿದು ಕತ್ತರಿ ಬಿಡಿಸಿಕೊಂಡೆ. ಬಟ್ಟೆಗೆ ಕತ್ತರಿ ಹಾಕಿದೆ. ಮಷಿನ್ ತೆರೆದು ತುಳಿದೆ. ಇಲಿವಾರದ ದಿನ ನಮ್ಮ ಮನೆಯಿಂದ ಮಷಿನ್ ಸದ್ದು ಕೇಳಿ ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ಹೊಲಿಗೆ ಒಂದೂ ಸೊಟ್ಟ ಹೋಗಲಿಲ್ಲ. ಸಿಟ್ಟಿನಿಂದ ಆದ ಉಪಕಾರ ಅದೊಂದು.

ಡಾಕ್ಟರು ಬಂದಾಗ ಹೊಸ ಕುಬಸದ ಕೆಳಗೆ ಎರಡು ಹೊಲಿಗೆ ಹಾಗೇ ಇದ್ದವು. ಅರ್ಧ ಡೋಸು ಕೊಟ್ಟು, ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಮತ್ತೆ ಮೂರು ಹಾಕಿದರು.

"ಯಾರ ಬಿಚ್ಚಿದ್ರು?" ಎಂದು ಕೇಳಿದರು. ಅತ್ತೆ ದೇವರ ಕೋಣೆಯೊಳಗೆ ಸರಿದರು. ಗುಂಡಿ ಎಚ್ಚರಾಗಲು ಎರಡು ತಾಸು ತೆಗೆದುಕೊಂಡಳು. ಆ ಎರಡು ತಾಸೂ ಅವಳ ಹೊಟ್ಟೆ ಮೇಲೆ ಕೆಳಗೆ ಆಡುವುದನ್ನೇ ನೋಡುತ್ತ ಕೂತೆ. ಎಚ್ಚರಾದ ಮೇಲೂ ನನ್ನ ಬೆರಳು ನೆಕ್ಕಲಿಲ್ಲ.

ಆಮೇಲಿನ ಹತ್ತು ದಿನ ನಮ್ಮ ಮನೆಯಲ್ಲಿ ಎರಡು ಇಲಿಗಳ ಆರೈಕೆ ನಡೆಯಿತು. ಮುಂದಿನ ಕೋಣೆಯಲ್ಲಿ ನಾನು ಗುಂಡಿಯ ಗಾಯ ಒರೆಸುತ್ತಿದ್ದೆ, ಗಂಜಿ ಕುಡಿಸುತ್ತಿದ್ದೆ. ದೇವರ ಕೋಣೆಯಲ್ಲಿ ಅತ್ತೆ ಫೆವಿಕಾಲ್ ಹಚ್ಚಿ ಮಣ್ಣಿನ ಕಿವಿ ಅಂಟಿಸುತ್ತಿದ್ದರು. ಒಣಗಲೆಂದು ಊದುತ್ತಿದ್ದರು. ಬಿದ್ದರೆ ಮತ್ತೆ ಅಂಟಿಸುತ್ತಿದ್ದರು. "ತಪ್ಪಾತಪ್ಪಾ, ಕ್ಷಮಾ ಮಾಡು" ಎಂದು ದಿನಾ ಬೇಡಿಕೊಳ್ಳುತ್ತಿದ್ದರು. ಮಣ್ಣಿನ ಇಲಿಗೆ. ಅದು ಕಿವಿಗೆ ಬಿದ್ದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಹನ್ನೊಂದನೇ ದಿನ ಡಾಕ್ಟರು ಬಂದು ಹೊಲಿಗೆ ಬಿಚ್ಚಿದರು. ಗಾಯ ಕೂಡಿತ್ತು. ಅವರು ಹೋದ ಮೇಲೆ ಗುಂಡಿ ನಿಧಾನಕ್ಕೆ ನನ್ನ ತೋಳು ಹಿಡಿದು ಹೆಗಲು ಹತ್ತಿದಳು. ನಾನು ಮಷಿನ್ ಮುಂದೆ ಕೂತೇ ಇದ್ದೆ. ಅತ್ತೆ ಬಂದು ಬಾಗಿಲಲ್ಲಿ ನಿಂತರು.

"ಮಧು," ಎಂದರು. "ಅವತ್ತ ಅದಕ್ಕ ಭಾಳ ನೋವಾಗಿತ್ತೇನು?"

"ಆಗಿತ್ರಿ."

"ಕೀಚ್ ಕೀಚ್ ಅಂತ ಒದರಾಕತ್ತಿತ್ತು," ಎಂದರು. "ಪೂಜಿ ಒಪ್ಪಿಕೊಂಡದ ಅಂತ ತಿಳಿದೆ. ನಾ ಇನ್ನೊಂದ ಸಲ ಆರತಿ ಮಾಡಿದೆ."

ಅತ್ತೆ ಸೆರಗಿನ ತುದಿಯ ಗಂಟು ಬಿಚ್ಚಿ ಅಂಗಿಯ ಒಂದು ಬಿಳಿ ಗುಂಡಿ ತೆಗೆದು ಮಷಿನ್ ಮೇಲೆ ಇಟ್ಟರು. ಗುಂಡಿ ನನ್ನ ಹೆಗಲಿಂದ ಅದನ್ನು ನೋಡಿದಳು, ಅತ್ತೆಯ ಕೈಯನ್ನೂ ನೋಡಿದಳು. ಇಳಿದು ಹೋಗಲಿಲ್ಲ. ನನ್ನ ಕುತ್ತಿಗೆಯ ಹಿಂದೆ ಅಡಗಿ ಕೂತಳು.