ಸದ್ದಿಲ್ಲದ ಸೊಸೆಯ ಮಗು

ಅಕ್ಕಂದಿರೇ, ಮೂರು ತುಂಬಿದ ಮಗು ನೀರು ಬೇಕೆಂದು ಬಾಯಿಬಿಟ್ಟು ಕೇಳದೆ ಬಕೆಟ್ಟಿನ ಕಡೆ ಕೈ ತೋರಿಸಿದರೆ ಹೆತ್ತವಳಿಗೆ ಎಂಥ ಸಂಕಟವೆಂದು ನಿಮಗೆ ಹೇಳಬೇಕಿಲ್ಲ. ನಮ್ಮ ಪಕ್ಕದ ಮನೆಯ ಬೆಗಿಮಾಯ್ ಆ ಸಂಕಟದಲ್ಲೇ ಅರ್ಧ ಚಳಿಗಾಲ ಕಳೆದಳು. ಮಗಳು ಮೇರಿಮ್ ಆಡುತ್ತಿದ್ದದ್ದು ನಾಲ್ಕೇ ಪದ. ಮಗು ಕಿವುಡೇನೋ, ನಾಳೆ ಶಾಲೆಗೆ ಸೇರಿಸಿಕೊಳ್ಳುವುದಿಲ್ಲವೇನೋ ಎಂದು ತಾಯಿಗೆ ಊಟವೇ ಸೇರುತ್ತಿರಲಿಲ್ಲ.

ಹೇಳಿಕೊಳ್ಳುವುದು ಯಾರ ಹತ್ತಿರ? ಗಂಡ ಕುರಿಹಿಂಡಿನ ಜೊತೆ ಬೆಟ್ಟದಲ್ಲಿದ್ದ. ನಮ್ಮಲ್ಲಿ ಅತ್ತೆಯ ಮುಂದೆ ಸೊಸೆ ಗಟ್ಟಿಯಾಗಿ ಮಾತಾಡುವ ಹಾಗಿಲ್ಲ. ಮದುವೆಯಾದ ನಾಲ್ಕು ವರ್ಷವೂ ಬೆಗಿಮಾಯ್ ಬರೀ ಪಿಸುಗುಟ್ಟಿದ್ದಳು. ಅತ್ತೆ ಸೈರಕಾನ್ ಅದನ್ನೇ ಹೇಳಿಕೊಂಡು ಮೆರೆಯುತ್ತಿದ್ದಳು. ಸುಳ್ಳೇಕೆ, ಅವಳನ್ನು ನೋಡಿ ಕಲಿ ಎಂದು ನನ್ನ ಸೊಸೆಗೆ ಹೇಳಿದವಳು ನಾನೇ.

ಕಡೆಗೆ ಊರಿನ ನರ್ಸ್ ಜೂರಾ ತಾಯಿ ಮಗು ಇಬ್ಬರನ್ನೂ ನಾರಿನ್ ಪಟ್ಟಣಕ್ಕೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸಿದಳು. ಕಿವಿ ಚೆನ್ನಾಗಿತ್ತು. ಮರುದಿನ ಅವಳು ಮನೆಗೇ ಬಂದು, ಮಗುವಿನ ಜೊತೆ ಯಾರು ಮಾತಾಡುತ್ತೀರಿ ಎಂದು ಕೇಳಿದಳು. ನಾನೂ ಚಹಾ ಕುಡಿಯುತ್ತಾ ಅಲ್ಲೇ ಇದ್ದೆ. ಸೈರಕಾನ್‌ಗೆ ನಗು ಬಂತು. ಉಣ್ಣಿಸುತ್ತೇವೆ, ಬೆಚ್ಚಗಿಡುತ್ತೇವೆ, ಟಿವಿ ಹಾಕಿಕೊಡುತ್ತೇವೆ, ಮಾತು ಬಾರದ ಮಗುವಿನ ಹತ್ತಿರ ಎಂಥ ಮಾತು ಎಂದಳು.

"ನನ್ನ ಸೊಸೆ ದನಿ ಈ ಊರಲ್ಲಿ ಒಬ್ರೂ ಕೇಳಿಲ್ಲ, ಗೊತ್ತಾ ನಿಂಗೆ?"

"ಮೇರಿಮೂ ಕೇಳಿಲ್ಲ ಕಣಕ್ಕಾ," ಎಂದಳು ಜೂರಾ.

ಸೈರಕಾನ್ ಬಟ್ಟಲು ಕೆಳಗಿಟ್ಟಳು. ಟಿವಿ ಮಾತಾಡುತ್ತದೆ, ಆದರೆ ಉತ್ತರಕ್ಕೆ ಕಾಯುವುದಿಲ್ಲ ಎಂದು ಜೂರಾ ವಿವರಿಸಿದಳು. ದೊಡ್ಡವರು ಮುಖ ನೋಡಿ ಮಾತಾಡಬೇಕು, ಕೇಳಬೇಕು, ಕಾಯಬೇಕು. ಮಗು ಒಂದು ಪದ ಅಂದರೆ ಅದಕ್ಕೆ ಎರಡು ಸೇರಿಸಿ ಹೇಳಬೇಕು. ತಡವಾಗಿಹೋಯಿತೇ ಎಂದು ಬೆಗಿಮಾಯ್ ಪಿಸುದನಿಯಲ್ಲಿ ಕೇಳಿದಳು. ಇಲ್ಲ, ಆದರೆ ಇನ್ನೊಂದು ಚಳಿಗಾಲ ಕಳೆಯಬೇಡಿ, ಮೂರು ತಿಂಗಳಲ್ಲಿ ಬದಲಾವಣೆ ಕಾಣದಿದ್ದರೆ ಮತ್ತೆ ಪರೀಕ್ಷೆ ಮಾಡಿಸೋಣ ಎಂದಳು ಜೂರಾ.

ಅತ್ತೆ ಸೊಸೆಯ ಕಡೆ ತಿರುಗಿ, "ನನ್ನೆದುರಿಗೇ ಮಾತಾಡು ಮಗಳೇ. ಗಟ್ಟಿಯಾಗಿ," ಎಂದಳು.

ಬೆಗಿಮಾಯ್ ಹಿಟ್ಟು ನಾದುತ್ತಾ ಶುರುಮಾಡಿದಳು.

"ಮೇರಿಮ್, ಅಮ್ಮ ರೊಟ್ಟಿ ಮಾಡ್ತಿದಾಳೆ. ನಿಂಗೂ ಒಂದು ಉಂಡೆ ಬೇಕಾ?"

ಎಲ್ಲರೂ ಕಾದೆವು. ಮಗು ಕೈ ಚಾಚಿತು, ಮಾತಾಡಲಿಲ್ಲ. ಆ ವಾರವೂ ಇಲ್ಲ, ಮುಂದಿನ ವಾರವೂ ಇಲ್ಲ. ಆದರೂ ಅತ್ತೆ ಸೊಸೆ ಬಿಡಲಿಲ್ಲ. ಹಿಮ ಕರಗುವ ಹೊತ್ತಿಗೆ ಮೇರಿಮ್ ಅಜ್ಜಿಯ ಅಂಗಿ ಎಳೆದು, "ಅಪ್ಪ ಯಾವಾಗ ಬರ್ತಾನೆ?" ಎಂದು ಕೇಳಿದಳು. ಸೈರಕಾನ್ ಅತ್ತುಬಿಟ್ಟಳು.

ಇವತ್ತು ನಿಮ್ಮ ಮನೆಯ ಮಗುವಿನ ಜೊತೆ ಯಾರು ಮಾತಾಡಿದರು? ಯಾರೂ ಇಲ್ಲವಾದರೆ ಈಗಲೇ ಹೋಗಿ ಪಕ್ಕದಲ್ಲಿ ಕುಳಿತು ಏನಾದರೂ ಕೇಳಿ, ಉತ್ತರಕ್ಕೆ ಕಾಯಿರಿ. ಅತ್ತೆಯಂದಿರೇ, ನಮಗೊಂದು ಮಾತು: ಸೊಸೆಯ ಬಾಯಿ ಮುಚ್ಚಿಸಿದರೆ ಮೊಮ್ಮಗಳ ಬಾಯಿಯೂ ಮುಚ್ಚುತ್ತದೆ.